ಭಟ್ಟರು ಹೇಳದೆ ಬಿಟ್ಟ ಮದುವೆ

"ಗುರುಗಳೇ, ಇದಕ್ಕೆ ಇನ್ನೇನು ಸೇರಿಸಲಿ?" ಎಂದು ಶಿಷ್ಯ ಕೇಳಿದ.

ಅವನು ಎಲ್ಲಿಯೂ ಕಾಯಂ ನೌಕರನಲ್ಲ. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಮನೆಯ ನಕ್ಷೆ ಬರೆದುಕೊಟ್ಟು ಬದುಕುವವನು. ಕೆಲಸ ಬೇಕಾದಾಗಲೆಲ್ಲ ತನ್ನ ಸ್ವವಿವರ ಬರೆದು ಕಳಿಸುತ್ತಿದ್ದ. ಕಲಿತದ್ದು, ಕಟ್ಟಿಸಿದ್ದು, ಪಡೆದ ಬಹುಮಾನ ಎಲ್ಲವೂ ಅದರಲ್ಲಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ. ಬರದಿದ್ದಾಗಲೆಲ್ಲ ಅವನು ಇನ್ನಷ್ಟು ಸೇರಿಸುತ್ತಿದ್ದ. ಈಗಲೂ ಒಬ್ಬರಿಗೆ ಕಳಿಸುವುದಿತ್ತು.

ಗುರುಗಳು ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ಭಾರ ನೋಡಿದರು. ಓದಲಿಲ್ಲ. ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಅಡಿಗೆ ಭಟ್ಟರಿದ್ದರು. ಅವರು ಯಾವ ಮಠಕ್ಕೂ ಸೇರಿದವರಲ್ಲ, ಯಾವ ಛತ್ರಕ್ಕೂ ಸೇರಿದವರಲ್ಲ. ಮದುವೆ ಎಲ್ಲಿಯೋ ಅಲ್ಲಿ ಅವರ ಒಲೆ. ಮನೆಯ ಯಜಮಾನ ತಟ್ಟೆಯಲ್ಲಿ ವೀಳ್ಯ ಇಟ್ಟುಕೊಟ್ಟರೆ ಕೆಲಸ ಗಟ್ಟಿಯಾಯಿತು ಎಂದು ಲೆಕ್ಕ. ಆ ವರ್ಷ ಭಟ್ಟರ ಕೈಗೆ ವೀಳ್ಯ ಬಂದದ್ದೇ ಅಪರೂಪ. ಇನ್ನೇನು ಆಷಾಢ ಹಿಡಿಯುವುದರಲ್ಲಿತ್ತು. ಆಷಾಢದಲ್ಲಿ ಮದುವೆಗಳಿಲ್ಲ. ಊರಿಗೆಲ್ಲ ಬೇಯಿಸಿ ಹಾಕುವವರ ಮನೆಯಲ್ಲೇ ಒಲೆ ಹೊತ್ತದ ಕಾಲ ಬರುತ್ತಿತ್ತು.

ಅಷ್ಟರಲ್ಲಿ ಒಬ್ಬ ವ್ಯಾಪಾರಿ ತನ್ನ ಕಿರಿಯ ಮಗಳ ಮದುವೆಗೆ ಅಡಿಗೆಯವರನ್ನು ಹುಡುಕುತ್ತಿದ್ದಾನೆ ಎಂದು ತಿಳಿಯಿತು. ಭಟ್ಟರು ಒಗೆದ ಶಲ್ಯ ಹೊದ್ದು ಹೊರಟರು.

ವ್ಯಾಪಾರಿ ಅವರನ್ನು ಕೂರಿಸಿ, ನಿಮ್ಮ ವಿಷಯ ತಿಳಿಸಿ ಎಂದ. ಕೇಳಿದ್ದೇ ತಡ, ಭಟ್ಟರು ಶುರುಹಚ್ಚಿಕೊಂಡರು. ಯಾವ ದಿವಾನರ ಮನೆಯಲ್ಲಿ ಎಂಥ ಹೋಳಿಗೆ ಮಾಡಿದೆ, ಯಾವ ಜಹಗೀರುದಾರರು ಶಾಲು ಹೊದಿಸಿದರು, ತನ್ನ ಕೈಯಲ್ಲಿ ಚಿರೋಟಿ ಹೇಗೆ ಎಸಳು ಬಿಡುತ್ತದೆ, ಮಂಡಿಗೆ ಎಷ್ಟು ತೆಳ್ಳಗಾಗುತ್ತದೆ. ಹೇಳುತ್ತ ಹೇಳುತ್ತ ಅವರಿಗೇ ಬಾಯಲ್ಲಿ ನೀರೂರಿತು. ವ್ಯಾಪಾರಿಯ ಕಣ್ಣು ಅಂಗಳದ ಕಡೆಗೇ ಇತ್ತು. ಕೊನೆಗೆ ಅವನು, ಆಗಲಿ, ಹೇಳಿ ಕಳಿಸುತ್ತೇನೆ ಎಂದ. ಹಾಗೆಂದರೆ ಏನರ್ಥ ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಭಟ್ಟರು ಹೊರಗೆ ಬಂದು ಜಗಲಿಯ ಮೇಲೆ ಕುಳಿತುಬಿಟ್ಟರು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು ಎಂಬುದೇ ಅವರಿಗೆ ಚಿಂತೆ. ತವರಿಗೆ ಬಂದಿದ್ದ ವ್ಯಾಪಾರಿಯ ಹಿರಿಯ ಮಗಳು ಅವರನ್ನು ನೋಡಿ ಮಜ್ಜಿಗೆ ತಂದುಕೊಟ್ಟಳು.

"ಬೇಜಾರು ಮಾಡ್ಕೋಬೇಡಿ ಭಟ್ಟರೇ," ಎಂದಳು. "ನನ್ನ ಮದುವೇಲಿ ಕೊನೇ ಪಂಕ್ತಿಗೆ ಅನ್ನ ಸಾಲಲಿಲ್ಲ. ಬೀಗರು ಬರೀ ಎಲೆ ಮುಂದೆ ಕೂತಿದ್ದು ಎದ್ದು ಹೋದರು. ಅವತ್ತಿನಿಂದ ಅಪ್ಪನಿಗೆ ಮದುವೆ ಅಂದರೆ ಅದೊಂದೇ ಕಣ್ಣಿಗೆ ಕಟ್ಟುತ್ತೆ."

ಭಟ್ಟರು ಮಜ್ಜಿಗೆ ಕುಡಿಯುವುದನ್ನೇ ಮರೆತರು.

ಹಿಂದೆ ಒಂದು ಹಳ್ಳಿಯಲ್ಲಿ ಬಡ ಮೇಷ್ಟರೊಬ್ಬರ ಮಗಳ ಮದುವೆಗೆ ಅವರು ಅಡಿಗೆ ಮಾಡಿದ್ದರು. ಎಲೆ ಹಾಕಿಸುವ ಮೊದಲು ಚಪ್ಪರದ ಬಾಗಿಲಿಗೆ ಹೋಗಿ ಚಪ್ಪಲಿಗಳ ರಾಶಿ ನೋಡಿ ಬರುವುದು ಭಟ್ಟರ ಪದ್ಧತಿ. ಆ ದಿನ ರಾಶಿ ಕರೆದ ಜನರಿಗಿಂತ ಬಹಳ ದೊಡ್ಡದಿತ್ತು. ಅವರು ಯಾರಿಗೂ ಸುದ್ದಿ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದ ನೆರೆಮನೆಗಳಿಗೆ ಹೇಳಿ ಅಕ್ಕಿ, ಬೇಳೆ ತರಿಸಿದರು. ಇನ್ನೊಂದು ಒಲೆ ಹೂಡಿದರು. ಪಾಯಸವನ್ನು ಕೈ ಹಿಡಿದು ಎಲ್ಲ ಪಂಕ್ತಿಗೂ ಒಂದೇ ಸಮ ಬಡಿಸಿದರು. ಆದರೆ ದಿವಾನರ ಹೆಸರಿನ ಪಕ್ಕದಲ್ಲಿ ಮೇಷ್ಟರ ಮನೆಯ ಅನ್ನ ಸಾರಿನ ಮಾತು ಆಡಿದರೆ ತನ್ನ ಘನತೆಗೆ ಕಡಿಮೆ ಎಂದು, ಅದನ್ನು ಅವರು ಎಲ್ಲಿಯೂ ಹೇಳಿಕೊಳ್ಳುತ್ತಿರಲಿಲ್ಲ.

ಭಟ್ಟರಿಗೆ ನಾಚಿಕೆಯಾಯಿತು. ಆದರೂ ಎದ್ದು ಒಳಗೆ ಹೋದರು. ಇನ್ನೊಂದು ಮದುವೆಯ ವಿಷಯ ಹೇಳದೆ ಬಿಟ್ಟಿದ್ದೆ ಎಂದು, ನಿಂತುಕೊಂಡೇ ಆ ಮದುವೆಯ ಸಂಗತಿ ಹೇಳಿದರು. ವ್ಯಾಪಾರಿ ಈ ಸಲ ಅಂಗಳದ ಕಡೆ ನೋಡಲಿಲ್ಲ.

"ಕೊನೇ ಪಂಕ್ತಿಗೆ ಏನು ಬಡಿಸಿದಿರಿ?" ಎಂದು ಕೇಳಿದ.

"ಮೊದಲ ಪಂಕ್ತಿಗೆ ಬಡಿಸಿದ್ದನ್ನೇ, ಯಜಮಾನರೇ. ಜನ ಹೆಚ್ಚಾಗಿದ್ದರು ಅಂತ ಮೇಷ್ಟರಿಗೆ ಗೊತ್ತಾಗಿದ್ದು ಎಲ್ಲರೂ ಕೈ ತೊಳೆದ ಮೇಲೆ."

ವ್ಯಾಪಾರಿ ಎದ್ದು ಒಳಗೆ ಹೋದ. ಹೆಂಡತಿಯನ್ನೂ ಕರೆಯದೆ ತಾನೇ ವೀಳ್ಯದ ತಟ್ಟೆ ತಂದು ಭಟ್ಟರ ಕೈಯಲ್ಲಿಟ್ಟ. ಹೋಳಿಗೆ ಮಾಡುತ್ತೀರೋ ಚಿರೋಟಿಯೋ ಎಂದು ಕೇಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ದೊಡ್ಡ ದೊಡ್ಡ ಕೆಲಸಗಳನ್ನೆಲ್ಲ ಇದರಿಂದ ತೆಗೆದುಬಿಡಲೇ, ಗುರುಗಳೇ?"

"ಅದು ಆಮೇಲೆ. ನೀನು ಇದನ್ನು ಯಾರಿಗೆ ಕಳಿಸುತ್ತಿರುವೆಯೋ ಅವರ ನಿದ್ದೆ ಕೆಡಿಸಿರುವುದು ಯಾವುದು, ಹೇಳು ನೋಡೋಣ," ಎಂದರು ಗುರುಗಳು.

ಶಿಷ್ಯ ಹಾಳೆಗಳನ್ನು ಅಲ್ಲೇ ಬಿಟ್ಟು, ಮನೆ ಕಟ್ಟಿಸುವವರನ್ನೇ ಕೇಳಿ ಬರಲು ಎದ್ದ.