ಲಾಗ ಹಾಕಿದ ಕೋಲು

ಪುಟ್ಟ ತರಬೇತಿ ವಿಮಾನವೊಂದನ್ನು ತಿರುಗಿಸಲು ಎರಡು ಕೋಲುಗಳಿದ್ದವು. ಮುಂದಿನ ಸೀಟಿನದು ವಿದ್ಯಾರ್ಥಿಯ ಕೈಗೆ, ಹಿಂದಿನ ಸೀಟಿನದು ಗುರುವಿನ ಕೈಗೆ. ಅಡಿಯಲ್ಲಿ ಒಂದೇ ಸರಳು ಎರಡನ್ನೂ ಜೋಡಿಸಿದ್ದರಿಂದ ಒಂದು ಆಡಿದಂತೆ ಇನ್ನೊಂದೂ ಆಡುತ್ತಿತ್ತು.

ವಿದ್ಯಾರ್ಥಿನಿ ಶಾಂಭವಿ ಮೊದಲ ಸಲ ಆಕಾಶದಲ್ಲಿ ವಿಮಾನಕ್ಕೆ ಲಾಗ ಹಾಕಿಸಿ ಇಳಿದ ದಿನ ಮುಂದಿನ ಕೋಲು ಬೀಗಿತು: "ಕಂಡೆಯೇನೋ ಮುದುಕ? ಭೂಮಿಯನ್ನೇ ತಲೆಯ ಮೇಲೆ ತಂದು ನಿಲ್ಲಿಸಿದೆ!"

"ಕಂಡೆ," ಎಂದಿತು ಹಿಂದಿನ ಕೋಲು. "ತಲೆಕೆಳಗಾದ ಕೂಡಲೇ ಆ ಹುಡುಗಿ ನಿನ್ನನ್ನು ಬಿಟ್ಟು ಎರಡೂ ಕೈಯಲ್ಲಿ ಸೀಟು ತಬ್ಬಿಕೊಂಡಳು. ಆಮೇಲೆ ನಿನ್ನನ್ನು ಎಳೆದವರು ಯಾರು?"

"ಯಾರೂ ಇಲ್ಲ! ಯಾರೂ ಮುಟ್ಟದೆ ನಾನೇ ಆಡಿದೆ. ಇದಕ್ಕಿಂತ ಸಾಮರ್ಥ್ಯ ಬೇಕೆ?"

"ಗಾಡಿಯ ಕೆಳಗೆ ನಡೆಯುವ ನಾಯಿಯೂ ಗಾಡಿ ಎಳೆಯುವುದು ತಾನೇ ಎನ್ನುತ್ತದೆ," ಎಂದಿತು ಹಿಂದಿನ ಕೋಲು.

ಮರುದಿನ ಬೆಳಿಗ್ಗೆ ಗುರು ಮುತ್ತಣ್ಣ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತರು. "ನೋಡಮ್ಮ ಶಾಂಭವಿ, ಇವತ್ತು ನಾನು ಕೋಲು ಮುಟ್ಟುವುದಿಲ್ಲ. ಲಾಗ ಪೂರ್ತಿ ನಿನ್ನದೇ."

"ಆಯ್ತು ಸರ್," ಎಂದಳು ಶಾಂಭವಿ. ಅವಳ ಒಂದು ಕೈ ಆಗಲೇ ಸೀಟಿನ ಅಂಚು ಹಿಡಿದಿತ್ತು.

ವಿಮಾನ ಮೇಲೇರಿತು. ಮುಂದಿನ ಕೋಲು ಮೆಲ್ಲಗೆ ಕೇಳಿತು: "ಅಜ್ಜಾ, ನಮ್ಮಿಬ್ಬರ ನಡುವಿನ ಆ ಸರಳು ಗಟ್ಟಿಯಾಗಿದೆ ತಾನೇ?"