ಅಳಿಸಿಹೋದ ಮೂರು ಅಕ್ಷರ

ವರದಾ ನದಿಯ ದಂಡೆಯ ಆ ಸಣ್ಣ ಮಠಕ್ಕೆ ಜನ ಉಪದೇಶ ಕೇಳಲು ಬರುತ್ತಿದ್ದರು, ಸಪ್ಪೆ ಮುಖ ಹೊತ್ತು ಹೋಗುತ್ತಿದ್ದರು. ಗುರುಸಿದ್ಧಜ್ಜನವರು ಉಪದೇಶ ಮಾಡುತ್ತಿರಲಿಲ್ಲ. ಕಲ್ಲು ಓದುತ್ತಿದ್ದರು.

ಹಳೆಯ ಶಾಸನಗಳ ಕಲ್ಲು. ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಬಟ್ಟೆ ಒಗೆಯುವ ಬಂಡೆಯಾಗಿ ಬಿದ್ದಿರುವಂಥವು.

ಓದು ಕಲಿಯಲೆಂದೇ ಬಂದು ಉಳಿದವಳು ನೀಲಗಂಗಾ ಒಬ್ಬಳೇ. ನಲವತ್ತು ದಾಟಿದ್ದಳು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಸಿಟ್ಟು ಬಿಟ್ಟು ಬಾ ಎಂದು ಅಜ್ಜ ಹೇಳಲಿಲ್ಲ. ಕೈಗೆ ಬ್ರಷ್ಷು ಕೊಟ್ಟರು.

ಕಲ್ಲು ತೊಳೆಯಬೇಕು. ಒದ್ದೆ ಕಾಗದ ಹಾಸಬೇಕು. ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ಕುಳಿಗೆ ಇಳಿಸಬೇಕು. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ.

ಸವೆದುಹೋದ ಅಕ್ಷರ ಏಳುವುದಿಲ್ಲ. ಅದಕ್ಕೆ ನೋಟುಬುಕ್ಕಿನಲ್ಲಿ ಚುಕ್ಕಿ ಇಡಬೇಕು, ಅಕ್ಷರಕ್ಕೊಂದು. ಇದೊಂದರಲ್ಲಿ ಅಜ್ಜ ಬಹಳ ಬಿಗಿ. ಊಹೆಯನ್ನು ಬಾಯಲ್ಲಿ ಎಷ್ಟು ಬೇಕಾದರೂ ಆಡಬಹುದು, ಬರೆಯುವಾಗ ಚುಕ್ಕಿಯೇ.

ಮೂರನೆಯ ವರ್ಷ, ಪಕ್ಕದ ಊರಿನ ಕೆರೆಯಲ್ಲಿ ನೀರು ಬಿಡುವ ತೂಬಿನ ಬಳಿ ಒಂದು ಕಲ್ಲು ಸಿಕ್ಕಿತು. ಹದಿನೆಂಟು ಸಾಲು. ಮೊದಲ ಹದಿನಾಲ್ಕು ಸಾಲು ರಾಜನ ಬಿರುದುಗಳು. ಅದರಲ್ಲಿ ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ.

ಕೊನೆಯ ನಾಲ್ಕು ಸಾಲಿನಲ್ಲಿ ವಿಷಯ. ಗಾಣಿಗನೊಬ್ಬನ ಹೆಂಡತಿ ಮೈಮೇಲಿನ ಒಡವೆ ಕೊಟ್ಟು ಈ ತೂಬು ಕಟ್ಟಿಸಿದಳು. ಅವಳ ಹೆಸರಿನ ಮೊದಲ ಮೂರು ಅಕ್ಷರ ಇರಲಿಲ್ಲ. ಕೊನೆಯ ‘ಬ್ಬೆ’ ಮಾತ್ರ ಉಳಿದಿತ್ತು.

ಅವಳ ತೂಬಿನಿಂದ ಇವತ್ತಿಗೂ ನೀರು ಹರಿಯುತ್ತಿತ್ತು. ರಾಜನಿಂದ ಏನೂ ಹರಿಯುತ್ತಿರಲಿಲ್ಲ.

ಇವಳು ಯಾರು ಎಂದು ನೀಲಗಂಗಾ ಕೇಳಿದಳು. ಕಲ್ಲಿಗೆ ಗೊತ್ತಿತ್ತು, ಮಳೆ ಅಳಿಸಿತು ಎಂದರು ಅಜ್ಜ. ಅವಳು ಮೂರು ಚುಕ್ಕಿ ಇಟ್ಟಳು. ಮೂರನೆಯದಕ್ಕೆ ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

ಕೆಲವರಿಗೆ ಸ್ಫೂರ್ತಿ ಬೆಳದಿಂಗಳಲ್ಲಿ ಬರುತ್ತದಂತೆ. ನೀಲಗಂಗಾಗೆ ಹೊಟ್ಟೆ ಉರಿದು ಬಂತು. ಕಾದಂಬರಿ ಶುರುವಾಯಿತು.

ಏಳು ವರ್ಷ ಬರೆದಳು. ಎತ್ತಿನ ಗಾಣ ಇನ್ನೂ ತಿರುಗುವ ಊರುಗಳನ್ನು ಹುಡುಕಿಕೊಂಡು ಹೋಗಿ ಕೂತಳು. ಬರೆದದ್ದನ್ನು ಎರಡು ಸಲ ಹರಿದು ಹಾಕಿದಳು. ನಾಯಕಿಗೆ ಚಾಗಿಯಬ್ಬೆ ಎಂದು ಹೆಸರಿಟ್ಟಳು. ಚಾಗಿ ಎಂದರೆ ಕೊಡುವವಳು. ಮೂರು ಅಕ್ಷರದ ಜಾಗಕ್ಕೆ ಅಳತೆ ತೆಗೆದಂತೆ ಕೂತಿತು.

ಹೆಸರನ್ನು ಅಜ್ಜನಿಗೆ ಹೇಳಿದಳು. ಕಾದಂಬರಿ ನಿನ್ನದು ಎಂದು ಅವರು ಹೊಳೆಗೆ ಸ್ನಾನಕ್ಕೆ ಹೋದರು.

ಆಮೇಲೆ ಪ್ರಕಾಶಕರು.

ಮೊದಲನೆಯವರಿಗೆ ಗಾಣದ ಮನೆಯ ಕಥೆ ಬೇಡವಾಗಿತ್ತು. ಅವಳು ರಾಜನ ಕಣ್ಣಿಗೆ ಬೀಳಲಿ, ಕೆರೆಯ ದಂಡೆಯ ಮೇಲೆ ಒಂದು ಪ್ರೇಮ ನಡೆಯಲಿ ಎಂದರು. ಎರಡನೆಯವರು ಕಣ್ಣೀರು ಒರೆಸಿಕೊಂಡು ಹೊಗಳಿದರು, ಆದರೆ ರಾಜನ ಹೆಸರನ್ನೇ ಪುಸ್ತಕಕ್ಕಿಟ್ಟು ಮುಖಪುಟದಲ್ಲಿ ಕುದುರೆ ಹಾಕೋಣವೆಂದರು. ಅವನು ಬರುವುದು ಒಂದೂವರೆ ಪುಟ ಎಂದಳು ನೀಲಗಂಗಾ. ಅದನ್ನು ನೂರೈವತ್ತು ಮಾಡಿ ಎಂದರು. ಮೂರನೆಯವರು ಎರಡು ವರ್ಷ ಹಸ್ತಪ್ರತಿ ಇಟ್ಟುಕೊಂಡು, ಕೇಳಲು ಹೋದರೆ ಯಾವ ಪುಸ್ತಕ ಎಂದರು.

ಅವರದೇ ತಪ್ಪೆನ್ನಲಾಗದು. ಯಾವ ದೇಶದ ಚೌಕಕ್ಕೆ ಹೋಗಿ ನಿಂತರೂ ನಡುವೆ ಕುದುರೆಯೇರಿದವನೊಬ್ಬ ಇರುತ್ತಾನೆ. ಈ ಊರಿಗೆ ನೀರು ತಂದವರು ಎಲ್ಲಿ ಎಂದು ಕೇಳಿ ನೋಡಿ, ಗೈಡು ಗಡಿಯಾರ ನೋಡಿಕೊಳ್ಳುತ್ತಾನೆ.

ನೀಲಗಂಗಾ ಮಠಕ್ಕೆ ಬಂದು ಅಜ್ಜನ ಎದುರು ಎಲ್ಲ ಕಾರಿಕೊಂಡಳು. ಒಮ್ಮೆ ಮಳೆ ಅಳಿಸಿತು, ಈಗ ಇವರು ಅಳಿಸುತ್ತಿದ್ದಾರೆ, ಇವಳು ಇದ್ದಳು ಎಂದು ಒಬ್ಬರಾದರೂ ಒಪ್ಪುವ ತನಕ ತನಗೆ ನಿದ್ದೆಯಿಲ್ಲ ಎಂದಳು. ಅಜ್ಜ ಶೇಂಗಾ ಸುಲಿಯುತ್ತಿದ್ದರು.

“ತೂಬು ಕಟ್ಟಸೂ ಮುಂದ ಆಕಿ ಯಾರನ್ನ ಕೇಳಿದ್ಲು, ತಂಗಿ?”

ಮರುದಿನ ಅವಳು ಗದಗಿನ ಬಸ್ಸು ಹತ್ತಿದಳು. ಒಂದು ಹಳೆಯ ಪ್ರೆಸ್ಸು ಹುಡುಕಿದಳು. ಕರಡು ನಾಲ್ಕು ಸಲ ತಿದ್ದಿದಳು. ಮುಖಪುಟಕ್ಕೆ ತೂಬಿನ ಫೋಟೋ ಕೊಟ್ಟಾಗ ಪ್ರೆಸ್ಸಿನವನು ಇದು ನೀರಾವರಿ ಇಲಾಖೆಯ ವರದಿಯಂತೆ ಕಾಣುತ್ತದೆ ಎಂದ. ಹಾಗೇ ಕಾಣಲಿ ಎಂದಳು.

ಪುಸ್ತಕದ ಕಟ್ಟುಗಳು ಮನೆಗೆ ಬಂದು ಮಂಚದ ಕೆಳಗೆ ಕೂತವು. ಬಗಲಿಗೆ ಚೀಲ ಹಾಕಿಕೊಂಡು ಊರೂರು ತಿರುಗಿದಳು. ಒಬ್ಬ ಅಂಗಡಿಯವನು ಅವನ್ನು ಪಂಚಾಂಗಗಳ ಹಿಂದೆ ಇಟ್ಟ. ಅವಳು ವಾರಕ್ಕೊಮ್ಮೆ ಹೋಗಿ ಮುಂದೆ ಇಟ್ಟು ಬಂದಳು. ಎರಡು ವರ್ಷಕ್ಕೆ ಮಂಚದ ಕೆಳಗೆ ಖಾಲಿಯಾಯಿತು.

ತೂಬಿನ ಊರಿನಲ್ಲಿ ಮಾಸ್ತರರೊಬ್ಬರು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದಿದರಂತೆ. ಒಡವೆ ಬಿಚ್ಚಿ ಕೊಡುವ ಅಧ್ಯಾಯ ಬಂದಾಗ ಹೆಂಗಸರು ಮತ್ತೊಮ್ಮೆ ಓದಿಸಿದರಂತೆ. ಊರಿನವರು ಸನ್ಮಾನಕ್ಕೆ ಕರೆದರು.

ಹೋದಳು. ಶಾಲು ಹೊದಿಸಿ, ಹಾರ ಹಾಕಿ, ಹಲಗೆ ಬಾರಿಸುತ್ತ ತೂಬಿನ ಕಲ್ಲಿನ ಬಳಿಗೆ ಕರೆದುಕೊಂಡು ಹೋದರು.

ಕಲ್ಲಿಗೆ ಹಳದಿ ಆಯಿಲ್ ಪೇಂಟು ಬಳಿದಿದ್ದರು. ಸವೆದುಹೋಗಿದ್ದ ಜಾಗದಲ್ಲಿ ಉಳಿ ಹಿಡಿದು ಮೂರು ಹೊಸ ಅಕ್ಷರ ಕೆತ್ತಿಸಿದ್ದರು. ಚಾಗಿಯ. ಬೆರಳಿನಷ್ಟು ಆಳ, ಒಳಗೆ ಕೆಂಪು ಬಣ್ಣ.

ನೀಲಗಂಗಾ ಹಾರ ಕಿತ್ತು ತೆಗೆದಳು. ಇಷ್ಟು ವರ್ಷ ಮಳೆಗಾಳಿ ಮಾಡದ ಹಾಳನ್ನು ನೀವು ಒಂದು ದಿನದಲ್ಲಿ ಮಾಡಿದಿರಿ ಎಂದು ಕೂಗಾಡಿದಳು. ಹಲಗೆ ನಿಂತಿತು. ಊರಿನ ಹಿರಿಯ ಪರ್ವತಗೌಡರು ಬಿದ್ದ ಹಾರವನ್ನು ಎತ್ತಿಕೊಂಡರು.

“ತಪ್ಪೇನಾತ್ರಿ ಅಕ್ಕಾರ? ನಮ್ಮವ್ವನ ಹೆಸರು ಅಳಿಸಿತ್ತು. ನೀವು ಹುಡುಕಿ ಕೊಟ್ರಿ. ನಾವು ತಿರುಗಿ ಕೆತ್ತಿಸಿದ್ವಿ.”

ಅವಳು ನೆಟ್ಟಗೆ ಮಠಕ್ಕೆ ಬಂದಳು. ಪುರಾತತ್ವ ಇಲಾಖೆಗೆ ಬರೆಯುತ್ತೇನೆ, ಪೊಲೀಸರನ್ನು ಕರೆಸುತ್ತೇನೆ, ಉಳಿ ಹಿಡಿದವನನ್ನು ಬಿಡುವುದಿಲ್ಲ ಎಂದಳು. ಅಜ್ಜ ಪೂರ್ತಿ ಕೇಳಿದರು. ಗೂಡಿನಿಂದ ಅವಳ ಪುಸ್ತಕ ತೆಗೆದು, ಮುನ್ನುಡಿಯ ಪುಟ ತೆರೆದು ಮುಂದಿಟ್ಟರು.

“ಓದು.”

ಅವಳು ಓದಿದಳು. ‘ತೂಬಿನ ಶಾಸನದಲ್ಲಿ ಚಾಗಿಯಬ್ಬೆ ಎಂಬ ಹೆಸರು ಸ್ಪಷ್ಟವಾಗಿ ಕಾಣುತ್ತದೆ.’

ಅವಳು ಪುಸ್ತಕ ಮುಚ್ಚಿದಳು.

“ಕಾದಂಬರ್ಯಾಗ ಚುಕ್ಕಿ ಇಡಾಕ ಬರೂದಿಲ್ಲ ಅಜ್ಜಾರ.”

“ಕಾದಂಬರ್ಯಾಗ ಬ್ಯಾಡ. ಇದು ಮುನ್ನುಡಿ.”

ಆಗ ನೀಲಗಂಗಾಗೆ ನಿಜವಾದ ಸಿಟ್ಟು ಬಂತು. ಯಾರ ಮೇಲೆಂದು ಅವಳಿಗೂ ತಿಳಿಯಲಿಲ್ಲ.

“ಹೆಸರು ನಾನು ಇಟ್ಟದ್ದು ಅಂತ ಬರ್ದಿದ್ರ, ಹೆಂಗಸನ್ನೂ ನಾನ ಹುಟ್ಟಿಸೀನಿ ಅಂತಿದ್ರು. ಆಕಿ ಇದ್ಲು ಅಂತ ಜನ ನಂಬಬೇಕಾಗಿತ್ತು. ರಾಜಗ ಯಾರೂ ಪುರಾವೆ ಕೇಳೂದಿಲ್ಲ. ಆಕಿಗೆ ಮಾತ್ರ ಕೇಳತಾರ.”

“ಖರೇನ,” ಎಂದರು ಅಜ್ಜ. ಎದ್ದು ಬ್ರಷ್ಷು, ಕಾಗದ, ಮಸಿ ಚೀಲಕ್ಕೆ ಹಾಕಿಕೊಂಡು ಹೊರಟರು. ಎಂಬತ್ತರ ಕಾಲು, ಮೂರು ಮೈಲಿ. ಅವಳು ಹಿಂದೆ ನಡೆದಳು.

ತೂಬಿನ ಬಳಿ ಯಾರೂ ಇರಲಿಲ್ಲ. ಅಜ್ಜ ಕಲ್ಲಿಗೆ ನೀರು ಹಾಕಿ, ಕಾಗದ ಹಾಸಿ, ಬಡಿದು, ಮಸಿ ಒತ್ತಿದರು. ಕಾಗದ ತೆಗೆದು ನೆಲದ ಮೇಲೆ ಹರಡಿದರು. ‘ಚಾಗಿಯ’ ಹಲ್ಲು ಕಿಸಿದಂತೆ ಬೆಳ್ಳಗೆ ಎದ್ದಿತ್ತು. ಪಕ್ಕದ ಹಳೆಯ ‘ಬ್ಬೆ’ ಬಾಗಿಲ ಸಂದಿಯಲ್ಲಿ ಸರಿದು ನಿಂತವರ ಹಾಗಿತ್ತು.

“ಪ್ರತಿ ವರ್ಷ ಮಳಿ ಮುಗದ ಮ್ಯಾಲ ಇಲ್ಲಿ ಬರತಿದ್ದೆ,” ಎಂದರು ಅಜ್ಜ. “ಎಳೀ ಬಿಸಲು ಓರಿ ಬಿದ್ದಾಗ ನೋಡತಿದ್ದೆ. ಸವೆದ ಅಕ್ಷರ ಪೂರಾ ಹೋಗಿರೂದಿಲ್ಲ. ಹ್ವಾದ ವರ್ಷ ಎರಡನೇದು ಹೊಳೀತು. ‘ಗಿ’ ಅಲ್ಲ ಅದು.”

ನೀಲಗಂಗಾ ಕಲ್ಲಿನ ಮುಂದೆ ಕೂತುಬಿಟ್ಟಳು. ಹೊಸ ‘ಗಿ’ಯ ಮೇಲೆ ಬೆರಳಾಡಿಸಿದಳು. ಒಳಗೆ ಉಳಿಯ ಗೆರೆ ಬಿಟ್ಟು ಏನೂ ಸಿಗಲಿಲ್ಲ.

“ನನಗ್ಯಾಕ ಹೇಳಲಿಲ್ಲ?”

“ಇನ್ನೆರಡೂ ಕಾಣಲಿ ಅಂತ ಕಾದೆ.”

“ನಾ ಸುಳ್ಳು ಬರದೆ. ನೀವು ಖರೇದ ಮ್ಯಾಲ ಕುಂತ್ರಿ. ಇವರು ಪ್ರೀತಿಯಿಂದ ಕೆತ್ತಿದ್ರು. ಜೈಲಿಗೆ ಮಾತ್ರ ಇವರು ಹೋಗಬೇಕೇನು?”

ಅಜ್ಜ ತಲೆ ತಗ್ಗಿಸಿದರು. ಅವರ ಎದುರು ಯಾರೂ ಹಾಗೆ ಮಾತಾಡಿರಲಿಲ್ಲ. ತಾನು ಮುಪ್ಪಿನಲ್ಲಿ ಜಿಪುಣನಾದೆ ಎಂದು ಒಪ್ಪಿಕೊಂಡರು. ನೀಲಗಂಗಾ ಕಣ್ಣು ಒರೆಸಿಕೊಂಡಳು. ಮುನ್ನುಡಿ ತಿದ್ದಿ ಎರಡನೆಯ ಮುದ್ರಣ ಹಾಕುತ್ತೇನೆ, ಊರಿನವರ ಎದುರು ನಿಂತು ಹೆಸರು ನಾನೇ ಇಟ್ಟದ್ದೆಂದು ಹೇಳುತ್ತೇನೆ, ಅಷ್ಟಾದರೆ ಸರಿಹೋದೀತೇ ಎಂದು ಕೇಳಿದಳು.

ಅಜ್ಜ ಒದ್ದೆ ಕಾಗದವನ್ನು ಅವಳ ಕಡೆ ತಿರುಗಿಸಿ, ‘ಚಾಗಿಯ’ ತುಂಬಿದ ಜಾಗದ ಮೇಲೆ ಬೆರಳಿಟ್ಟರು.

“ಆಕಿ ಇವತ್ತ ಬಂದು ತನ್ನ ಹೆಸರು ಹೇಳಿದ್ಲು ಅಂತ ತಿಳಿ, ತಂಗಿ. ಎಲ್ಲಿ ಬರೀತಿ?”