ಕೆಂಚಿಯ ಬಾಯಿ, ಮಂಗಣ್ಣನ ಕೈ

ಸವಾರಿ ಕಲಿತೇ ತೀರುತ್ತೇನೆಂದು ಹಟ ಹಿಡಿದ ಮಂಗಣ್ಣ ಕೆಂಚಿ ಎಂಬ ಕುದುರೆಯ ಬೆನ್ನೇರಿದ. ಕೊಂಬೆ ಹಿಡಿದೇ ಬದುಕಿದ ಕೈ. ಮೈ ವಾಲಿದಾಗಲೆಲ್ಲ ಲಗಾಮಿಗೆ ಜೋತುಬೀಳುತ್ತಿತ್ತು. ಕೆಂಚಿಯ ಕಟವಾಯಿ ಹರಿದು ರಕ್ತ ಬಂತು. ಅವಳು ಗಕ್ಕನೆ ನಿಂತಳು.

"ನಡೆಯೇ!" ಮಂಗಣ್ಣ ಚಾಟಿ ಬೀಸಿದ.

"ಲಗಾಮು ಬಿಟ್ಟು ಎರಡೂ ಕೈ ಚಾಚಿ ಕೂರು. ಆಮೇಲೆ ನಡೆಯುತ್ತೇನೆ."

"ಬಿಟ್ಟರೆ ಬೀಳುತ್ತೇನೆ!"

"ಬೀಳು. ಕೂರಲು ಬೆನ್ನು ಕೊಟ್ಟಿದ್ದೇನೆ, ಜೋತಾಡಲು ಬಾಯಿ ಕೊಟ್ಟಿಲ್ಲ."

ಚಾಟಿ ಮತ್ತೆ ಮತ್ತೆ ಬಿತ್ತು. ಕೆಂಚಿ ಕದಲಲಿಲ್ಲ. ಹೊಡೆದು ಹೊಡೆದು ಸೋತ ಮಂಗಣ್ಣ ಕೊನೆಗೆ ಲಗಾಮು ಬಿಟ್ಟು ಕೈ ಚಾಚಿದ. ಅವಳು ಹೆಜ್ಜೆಯಿಟ್ಟಳು. ಅವನು ವಾಲಿದ, ಬೆದರಿದ, ಸೊಂಟದಿಂದಲೇ ಸಾವರಿಸಿಕೊಂಡ, ಬೀಳಲಿಲ್ಲ.

"ನೋಡಿದೆಯಾ, ಕಲಿತುಬಿಟ್ಟೆ!" ಎಂದು ಚಾಟಿ ಎತ್ತಿ ಕುಣಿಸಿದ.

ಕೆಂಚಿ ಮತ್ತೆ ನಿಂತಳು. "ಇನ್ನೂ ಇಲ್ಲ. ಅದನ್ನೂ ಬಿಸಾಡು."